ಗದುಗಿನ ಅಂಧ ಬಾಲಕರ ಪಾಠಶಾಲೆ

ಸಂತ ಮಾರ್ಕನು ಬರೆದ ಶುಭಸಂದೇಶದಲ್ಲಿ ಜೆರಿಕೊ ಪಟ್ಟಣದ ಹೊರಗೆ ಕುಳಿತಿದ್ದ ಬಾರ್ತಿಮಾಯನೆಂಬ ಅಂಧನ ವೃತ್ತಾಂತ ಬರುತ್ತದೆ. ಬಲಿಪೂಜೆಯಲ್ಲಿ ಆ ಭಾಗವನ್ನು ಓದಿದಾಗಲೆಲ್ಲ ನಮ್ಮ ಮನಸ್ಸು ಸಹಜವಾಗಿಯೇ ಪ್ರಭುವಿನ ಪವಾಡದ ಕಡೆಗೆ ಹರಿಯುತ್ತದೆ. ಆದರೆ ಇತಿಹಾಸದ ದೃಷ್ಟಿಯಿಂದ ಓದುವವನಿಗೆ ಪವಾಡಕ್ಕೂ ಮೊದಲು ಬರುವ ಎರಡು ಸಣ್ಣ ಸಂಗತಿಗಳು ಅಷ್ಟೇ ಮುಖ್ಯವಾಗಿ ತೋರುತ್ತವೆ. ಆತ ಕುಳಿತಿದ್ದುದು ದಾರಿಯ ಬದಿಯಲ್ಲಿ, ಭಿಕ್ಷೆಗಾಗಿ. ಆತ ಬಾಯಿ ತೆರೆದು ಕೂಗಿದಾಗ ಸುತ್ತಲಿನ ಜನ ಸುಮ್ಮನಿರೆಂದು ಗದರಿಸಿದರು. ಆ ಕಾಲದಿಂದ ಹದಿನೇಳು ಶತಮಾನಗಳು ಕಳೆದರೂ ಲೋಕದ ಬಹುಭಾಗದಲ್ಲಿ ಅಂಧನ ಸ್ಥಾನ ದಾರಿಯ ಬದಿಯೇ ಆಗಿತ್ತು. ದಯಾವಂತರು ಅವನ ತಟ್ಟೆಗೆ ಕಾಸು ಹಾಕುತ್ತಿದ್ದರು. ಅವನ ಬಾಯಿಂದ ಬರುವ ಮಾತಿಗೆ ಕಿವಿಗೊಡುವವರು ವಿರಳ. ಅನ್ನವಿಕ್ಕುವುದು ಬೇರೆ, ವಿದ್ಯೆ ಕಲಿಸುವುದು ಬೇರೆ. ಮೊದಲನೆಯದನ್ನು ಮನುಷ್ಯಕುಲವು ಬಹು ಹಿಂದೆಯೇ ಪುಣ್ಯಕಾರ್ಯವೆಂದು ಒಪ್ಪಿಕೊಂಡಿತು. ಎರಡನೆಯದು ಸಾಧ್ಯವೆಂಬ ನಂಬಿಕೆ ಹುಟ್ಟಿದ್ದು ತೀರ ಈಚೆಗೆ.

ಆ ನಂಬಿಕೆ ನಮ್ಮ ನಾಡಿನಲ್ಲಿ ಬೇರೂರಿದ ಒಂದು ಸ್ಥಳ ಅಣ್ಣಿಗೇರಿಯಿಂದ ದೂರವೇನೂ ಇಲ್ಲ. ಗದಗಿನ ಸಂತೆಗೆ, ಆಸ್ಪತ್ರೆಗೆ, ಬೀಗರ ಮನೆಗೆ ಹೋಗಿಬರುವ ನಮ್ಮವರು ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದೆ ಇರಲಾರರು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಗುವ ವರೆಗೆ ಅದು ನಮ್ಮ ಧಾರವಾಡ ಜಿಲ್ಲೆಯೇ ಆಗಿದ್ದಿತು. ಅದು ವೀರಶೈವ ಪರಂಪರೆಯ ಆಶ್ರಮ. ನಮ್ಮ ಧರ್ಮಕೇಂದ್ರಕ್ಕೂ ಅದಕ್ಕೂ ಆಚಾರದ ಸಂಬಂಧವಿಲ್ಲ. ಆದರೂ ನೂರು ವರ್ಷಗಳ ನೆನಪನ್ನು ಕೂಡಿಹಾಕುವ ಇಂಥ ಸಂಚಿಕೆಯಲ್ಲಿ ನೆರೆಯವರ ಮನೆಯಲ್ಲಿ ನಡೆದ ಒಂದು ದೊಡ್ಡ ಕಾರ್ಯವನ್ನು ಸ್ಮರಿಸುವುದು ಅನುಚಿತವಾಗದೆಂದು ಭಾವಿಸಿದ್ದೇನೆ. ಆ ಕಾರ್ಯದ ಬೆಲೆ ತಿಳಿಯಬೇಕಾದರೆ ಅಂಧರ ವಿದ್ಯಾಭ್ಯಾಸವು ಲೋಕದಲ್ಲಿ ಹೇಗೆ ಮೊದಲಾಯಿತೆಂಬುದನ್ನು ಮೊದಲು ಸ್ವಲ್ಪ ನೋಡಬೇಕು. ಅದಕ್ಕಾಗಿ ಫ್ರಾನ್ಸ್ ದೇಶಕ್ಕೆ ಹೋಗಿ ಬರೋಣ.

ಹದಿಮೂರನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಅರಸನಾದ ಸಂತ ಲೂಯಿಯು ಪ್ಯಾರಿಸ್ ನಗರದಲ್ಲಿ ಮುನ್ನೂರು ಅಂಧರಿಗಾಗಿ ಒಂದು ಆಶ್ರಯಧಾಮವನ್ನು ಕಟ್ಟಿಸಿದನು. ಅದರ ಹೆಸರೇ ‘ಹದಿನೈದು ಇಪ್ಪತ್ತು’ ಎಂದಿತ್ತು. ಆ ಕಾಲದವರು ಇಪ್ಪತ್ತು ಇಪ್ಪತ್ತಾಗಿ ಎಣಿಸುತ್ತಿದ್ದುದರಿಂದ ಮುನ್ನೂರಕ್ಕೆ ಈ ಹೆಸರು. ಅದು ನಿಜಕ್ಕೂ ದೊಡ್ಡ ಧರ್ಮಕಾರ್ಯ. ಆದರೆ ಅಲ್ಲಿ ವಾಸವಾಗಿದ್ದವರು ಆಮೇಲೆಯೂ ನಗರದ ದೇವಾಲಯಗಳ ಬಾಗಿಲಿನಲ್ಲಿ ನಿಂತು ಬೇಡಿಯೇ ತರುತ್ತಿದ್ದರು. ತಲೆಯ ಮೇಲೆ ಸೂರು ಬಂದಿತ್ತು, ಕೈಯ ತಟ್ಟೆ ಹೋಗಿರಲಿಲ್ಲ.

1771ರಲ್ಲಿ ಪ್ಯಾರಿಸಿನ ಒಂದು ಜಾತ್ರೆಯಲ್ಲಿ ವ್ಯಾಲೆಂಟಿನ್ ಆವೀ ಎಂಬ ಗೃಹಸ್ಥನು ಕಂಡ ನೋಟ ಅವನ ಬಾಳನ್ನೇ ಬದಲಿಸಿತು. ಕೆಲವು ಅಂಧರಿಗೆ ವಿದೂಷಕರ ಉಡುಪು ತೊಡಿಸಿ, ಮೂಗಿನ ಮೇಲೆ ರಟ್ಟಿನ ದೊಡ್ಡ ಕನ್ನಡಕಗಳನ್ನಿರಿಸಿ, ಅವರ ಮುಂದೆ ಸ್ವರಲಿಪಿಯ ಹಾಳೆಗಳನ್ನು ಹರಡಿ, ಬಾರದ ವಾದ್ಯಗಳನ್ನು ನುಡಿಸಲು ಹಚ್ಚಿದ್ದರು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಆವೀ ನಗಲಿಲ್ಲ. ಇವರು ನಿಜವಾಗಿಯೂ ಓದುವಂತೆ, ನಿಜವಾಗಿಯೂ ನುಡಿಸುವಂತೆ ಮಾಡುತ್ತೇನೆಂದು ಮನಸ್ಸಿನಲ್ಲಿ ಸಂಕಲ್ಪಿಸಿದನು. ಸಂಕಲ್ಪ ಕೈಗೂಡಲು ಹದಿಮೂರು ವರ್ಷ ಬೇಕಾಯಿತು. 1784ರಲ್ಲಿ ದೇವಾಲಯವೊಂದರ ಬಾಗಿಲಲ್ಲಿ ಬೇಡುತ್ತಿದ್ದ ಫ್ರಾನ್ಸ್ವಾ ಲೆಸ್ಯುಯರ್ ಎಂಬ ಅಂಧ ತರುಣನನ್ನು ಕಂಡು, ನನ್ನಲ್ಲಿ ಪಾಠಕ್ಕೆ ಬಾ ಎಂದು ಕರೆದನು. ತರುಣನಿಗೆ ದಿನದ ಭಿಕ್ಷೆ ತಪ್ಪಿದರೆ ಮನೆಯವರಿಗೆ ಊಟವಿಲ್ಲ. ಆಗ ಆವೀ ಒಂದು ಒಪ್ಪಂದ ಮಾಡಿಕೊಂಡನು: ಬೇಡಿ ಗಳಿಸುತ್ತಿದ್ದಷ್ಟನ್ನು ತಾನೇ ಕೊಡುವುದು, ಅವನು ಆ ಹೊತ್ತಿನಲ್ಲಿ ಕಲಿಯುವುದು. ಅಂಧರ ಮೊದಲ ಪಾಠಶಾಲೆ ಹೀಗೆ ಶುಲ್ಕವನ್ನು ತೆಗೆದುಕೊಂಡಲ್ಲ, ಶಿಷ್ಯನಿಗೇ ಕೂಲಿ ಕೊಟ್ಟು ಆರಂಭವಾಯಿತು.

ಆವೀಯ ಪುಸ್ತಕಗಳಲ್ಲಿ ಅಚ್ಚಿನ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿ ಮೂಡಿಸುತ್ತಿದ್ದರು. ಬೆರಳಾಡಿಸಿ ಓದಬಹುದಾಗಿತ್ತು, ಆದರೆ ಒಂದೊಂದು ಅಕ್ಷರಕ್ಕೂ ತಡಕಾಡಬೇಕು. ಪುಸ್ತಕಗಳೋ ಎತ್ತಲಾರದ ಭಾರ. ಬರೆಯುವುದಂತೂ ಆಗದ ಮಾತು. ಈ ತೊಡಕನ್ನು ಬಿಡಿಸಿದವನು ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್. ಪ್ಯಾರಿಸಿನ ಸಮೀಪದ ಕೂವ್ರೆ ಎಂಬ ಹಳ್ಳಿಯಲ್ಲಿ ಕುದುರೆಯ ಜೀನು ಹೊಲಿಯುವವನ ಮಗನಾಗಿ 1809ರಲ್ಲಿ ಹುಟ್ಟಿದ ಈತ ಮೂರು ವರ್ಷದ ಮಗುವಾಗಿದ್ದಾಗ ತಂದೆಯ ಕಾರ್ಖಾನೆಯಲ್ಲಿ ಚರ್ಮ ಚುಚ್ಚುವ ಮೊನೆಯನ್ನು ಹಿಡಿದು ಆಡುತ್ತಿರಲು ಅದು ಕಣ್ಣಿಗೆ ನಟ್ಟಿತು. ನಂಜು ಎರಡನೆಯ ಕಣ್ಣಿಗೂ ಹಬ್ಬಿತು. ಇಲ್ಲಿ ನಮ್ಮ ವಾಚಕರು ಗಮನಿಸತಕ್ಕ ಸಂಗತಿಯೊಂದಿದೆ. ಆ ಬಾಲಕನಿಗೆ ಮೊದಲ ಪಾಠ ಹೇಳಿದವರು ಆ ಊರಿನ ಧರ್ಮಕೇಂದ್ರದ ಗುರುಗಳಾದ ಪಲ್ಯುಯಿ ಸ್ವಾಮಿಗಳು. ಹುಡುಗನ ಬುದ್ಧಿಯ ಚುರುಕನ್ನು ಕಂಡು ಅವರು ಊರ ಶಾಲೆಯ ಮಾಸ್ತರರ ಮನವೊಲಿಸಿ ಉಳಿದ ಮಕ್ಕಳ ಸಾಲಿನಲ್ಲಿಯೇ ಅವನನ್ನು ಕೂರಿಸಿದರು. ಹತ್ತನೆಯ ವಯಸ್ಸಿನಲ್ಲಿ, 1819ರಲ್ಲಿ, ಅವನು ಪ್ಯಾರಿಸಿನ ಅಂಧರ ಶಾಲೆಯನ್ನು ಸೇರಿದನು. ಸೈನಿಕರು ಕತ್ತಲೆಯಲ್ಲಿ ಸಂದೇಶ ಓದಲೆಂದು ಶಾರ್ಲ್ ಬಾರ್ಬಿಯೆ ಎಂಬವನು ಹೂಡಿದ್ದ ಚುಕ್ಕೆಗಳ ಬರಹವನ್ನು ತಿದ್ದಿ, ಹನ್ನೆರಡು ಚುಕ್ಕೆಗಳನ್ನು ಆರಕ್ಕೆ ಇಳಿಸಿ, ಒಂದೇ ಸ್ಪರ್ಶಕ್ಕೆ ಬೆರಳ ತುದಿಯಲ್ಲಿ ಅಡಗುವ ಲಿಪಿಯನ್ನು ಹದಿನೈದನೆಯ ವಯಸ್ಸಿಗೆ ಸಿದ್ಧಪಡಿಸಿದನು. ಆರು ಚುಕ್ಕೆಗಳಿಂದ 63 ಗುರುತುಗಳು. ಕಣ್ಣು ಕಳೆದ ಮೊನೆಯಂಥದೇ ಒಂದು ಮೊನೆಯಿಂದ ಕಾಗದವನ್ನು ಒತ್ತಿ ಬರೆಯುವ ವಿದ್ಯೆ ಅದು.

ಬ್ರೈಲನು ಪ್ಯಾರಿಸಿನ ದೇವಾಲಯಗಳಲ್ಲಿ ಆರ್ಗನ್ ನುಡಿಸುವ ವಾದಕನೂ ಆಗಿದ್ದನು. 1852ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವನ ಲಿಪಿಗೆ ಸರಕಾರದ ಮನ್ನಣೆ ಇನ್ನೂ ಬಂದಿರಲಿಲ್ಲ. ಎರಡು ವರ್ಷ ತಡವಾಗಿ ಬಂದಿತು. ನೂರು ವರ್ಷಗಳ ಬಳಿಕ, 1952ರಲ್ಲಿ, ಅವನ ಅವಶೇಷಗಳನ್ನು ಪ್ಯಾರಿಸಿಗೆ ಒಯ್ದು ರಾಷ್ಟ್ರದ ಮಹಾಪುರುಷರ ನಡುವೆ ಇರಿಸಿದರು. ಕೈಗಳನ್ನು ಮಾತ್ರ ಹುಟ್ಟೂರಿನವರು ಬಿಟ್ಟುಕೊಡಲಿಲ್ಲ. ಅವು ಕೂವ್ರೆಯ ಸಮಾಧಿಭೂಮಿಯಲ್ಲಿಯೇ ಇವೆ.

ಭಾರತದಲ್ಲಿ ಅಂಧರ ಶಾಲೆ ಆರಂಭವಾದದ್ದು ಇದಾದ ಬಹುಕಾಲದ ಮೇಲೆ. 1887ರಲ್ಲಿ ಆನಿ ಶಾರ್ಪ್ ಎಂಬ ಆಂಗ್ಲ ಮಿಶನರಿ ಮಹಿಳೆ ಅಮೃತಸರದಲ್ಲಿ ತೆರೆದ ಶಾಲೆಯನ್ನು ಮೊದಲನೆಯದೆಂದು ಎಣಿಸುತ್ತಾರೆ. ಅದು ಆಮೇಲೆ ಡೆಹರಾಡೂನಿಗೆ ಹೋಯಿತು. 1890ರಲ್ಲಿ ಪಾಳಯಂಕೋಟೆಯಲ್ಲಿ ಆನಾ ಆಸ್ಕ್ವಿತ್, 1900ರಲ್ಲಿ ಮುಂಬಯಿಯಲ್ಲಿ ಅಮೇರಿಕನ್ ಮಿಶನ್ನಿನ ಆನಾ ಮಿಲಾರ್ಡ್ ಇದೇ ಕೆಲಸಕ್ಕೆ ಕೈಹಾಕಿದರು. ಮೂವರೂ ಸ್ತ್ರೀಯರು, ಮೂವರೂ ಪ್ರಾಟೆಸ್ಟಂಟ್ ಪಂಥದವರು. ನಾವು ಕಥೋಲಿಕರು ಇದನ್ನು ತೆರೆದ ಮನಸ್ಸಿನಿಂದ ಒಪ್ಪಿಕೊಳ್ಳಬೇಕು. ಕನ್ನಡ ನಾಡಿನಲ್ಲಿ 1901ರಲ್ಲಿ ಮೈಸೂರಿನ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ತೆರೆದರು. ಕನ್ನಡದ ಸದ್ದುಗಳನ್ನು ಬ್ರೈಲ್ ಚುಕ್ಕೆಗಳಿಗೆ ಹೊಂದಿಸುವ ಪ್ರಯತ್ನಗಳಲ್ಲಿ ಮೈಸೂರಿನದೇ ಒಂದು ಪದ್ಧತಿಯಿತ್ತು.

ಆದರೆ ಮೈಸೂರು ಬೇರೆ ಸಂಸ್ಥಾನ. ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿದ್ದಿತು, 1956ರ ವರೆಗೂ ಹಾಗೆಯೇ ಇದ್ದಿತು. ನವಲಗುಂದದ ಕರಿಯ ಮಣ್ಣಿನ ಹಳ್ಳಿಯಲ್ಲಿಯೋ ಹಾನಗಲ್ಲಿನ ಮಲೆಸೆರಗಿನಲ್ಲಿಯೋ ಒಂದು ಮಗು ಅಂಧವಾಗಿ ಬೆಳೆದರೆ ಅದಕ್ಕೆ ಮೈಸೂರೂ ದೂರ, ಮುಂಬಯಿಯೂ ದೂರ. ಅಂಥ ಮಕ್ಕಳು ಆಗ ಕಡಿಮೆಯೂ ಇರಲಿಲ್ಲ. ಸಿಡುಬು ಎಷ್ಟೋ ಮಕ್ಕಳ ಪ್ರಾಣವನ್ನು ಬಿಟ್ಟು ಕಣ್ಣನ್ನು ಒಯ್ಯುತ್ತಿತ್ತು; ಅದು ನಮ್ಮ ದೇಶದಿಂದ ತೊಲಗಿದ್ದು 1975ರಲ್ಲಿ. ಹುಟ್ಟುವಾಗಲೇ ತಗಲುವ ಕಣ್ಣಿನ ನಂಜಿಗೆ ಮದ್ದು ಹಾಕುವವರಿರಲಿಲ್ಲ. 1876ರಿಂದ 78ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಂಥ ಕಾಲದಲ್ಲಿ ಹಸಿರು ಸೊಪ್ಪಾಗಲಿ ಹಾಲಾಗಲಿ ಕಾಣದ ಕೂಸುಗಳಿಗೆ ಮೊದಲು ರಾತ್ರಿಗುರುಡು, ಆಮೇಲೆ ಪೂರ್ಣ ಅಂಧತ್ವ. ಇಂಥ ಮಕ್ಕಳಿಗೆ ಹಿರಿಯರು ಹೇಳಿಕೊಡಬಹುದಾಗಿದ್ದ ಉದ್ಯೋಗ ಒಂದೇ: ಕೋಲು ಹಿಡಿದು ಮನೆಮನೆಯ ಮುಂದೆ ನಿಂತು ಹಾಡಿ ಬೇಡುವುದು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ಮತ್ತು ನೀಲಮ್ಮ ಎಂಬ ದಂಪತಿಗಳ ಬಡ ಮನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರಿಬ್ಬರಿಗೂ ಕಣ್ಣಿರಲಿಲ್ಲ. ಒಬ್ಬನ ಹೆಸರು ಗುರುಬಸಯ್ಯ. ಇನ್ನೊಬ್ಬನದು ಗದಿಗೆಯ್ಯ, ಹುಟ್ಟಿದ್ದು 1892ರ ಫೆಬ್ರವರಿ 2ರಂದು. ನಮ್ಮ ಪಂಚಾಂಗದಲ್ಲಿ ಅದು ಪ್ರಭು ಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬ, ಮೇಣದ ಬತ್ತಿಗಳ ದಿನ. ಕಾಕತಾಳೀಯವೇ ಸರಿ, ಆದರೂ ಬರೆಯದೆ ಇರಲಾಗಲಿಲ್ಲ. ಹುಡುಗರ ಕಂಠ ಇಂಪಾಗಿತ್ತು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಆ ಕಂಠವನ್ನು ಗುರುತಿಸಿದರು. ಇವರು 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿ ಪ್ರಸಿದ್ಧರಾದವರು. ಅಂಧ ಬಾಲಕರ ಹಾಡನ್ನು ಕೇಳಿ ಕಾಸು ಕೊಟ್ಟು ಕಳಿಸುವುದು ಆ ಕಾಲದ ರೂಢಿ. ಸ್ವಾಮಿಗಳು ಹಾಗೆ ಮಾಡದೆ, ಇವರಿಗೆ ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಸಬೇಕೆಂದು ಮನಸ್ಸು ಮಾಡಿದರು. ಪ್ಯಾರಿಸಿನ ಆವೀಯ ಹೆಸರನ್ನು ಅವರು ಕೇಳಿದ್ದರೆಂದು ನನಗನ್ನಿಸುವುದಿಲ್ಲ. ಆದರೆ ಇಬ್ಬರೂ ತೆಗೆದುಕೊಂಡ ನಿರ್ಧಾರ ಒಂದೇ.

ಅಣ್ಣತಮ್ಮಂದಿರಲ್ಲಿ ಗುರುಬಸಯ್ಯನು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಒಬ್ಬನೇ ಉಳಿದ ಗದಿಗೆಯ್ಯನು ಕುಮಾರಸ್ವಾಮಿಗಳ ಆಶ್ರಯದಲ್ಲಿ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತನು. ತರುವಾಯ ಮಿರಜಿನ ಕಡೆಯ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಗಾಯನವನ್ನು ಅಭ್ಯಾಸ ಮಾಡಿದನು. ಎರಡೂ ಪದ್ಧತಿಗಳನ್ನು ಅರಗಿಸಿಕೊಂಡ ಈತನೇ ಮುಂದೆ ಉಭಯಗಾನ ವಿಶಾರದ ಪಂಚಾಕ್ಷರ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತರಾದರು. ನಮ್ಮ ಸೀಮೆಗೆ ಇದೊಂದು ವಿಶೇಷ. ಧಾರವಾಡದ ನೆಲ ಹಿಂದುಸ್ತಾನಿ ಗಾಯನದ ತವರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ದಕ್ಷಿಣಾದಿ ಸಂಗೀತವನ್ನೂ ಅಷ್ಟೇ ಅಧಿಕಾರದಿಂದ ಹೇಳಿಕೊಡಬಲ್ಲ ಗುರು ದೊರೆಯುವುದು ಸುಲಭವಾಗಿರಲಿಲ್ಲ.

ಪುಣ್ಯಾಶ್ರಮದ ಆರಂಭವನ್ನು 1914ರಿಂದ ಎಣಿಸುವ ವಾಡಿಕೆಯಿದೆ. ಗದಗಿನಲ್ಲಿ ಅದು ನೆಲೆ ನಿಂತದ್ದು 1942ರಲ್ಲಿ. ಈ ಎರಡು ವರ್ಷಗಳ ನಡುವೆ ಇಪ್ಪತ್ತೆಂಟು ವರ್ಷಗಳ ಅಂತರವಿದೆ. ನನ್ನ ದೃಷ್ಟಿಯಲ್ಲಿ ಈ ಸಂಸ್ಥೆಯ ನಿಜವಾದ ಇತಿಹಾಸ ಇರುವುದು ಆ ಅಂತರದಲ್ಲಿಯೇ. ಆಗ ಅದಕ್ಕೆ ಗೋಡೆಯಿರಲಿಲ್ಲ, ಹಲಗೆಯಿರಲಿಲ್ಲ, ಹಾಜರಿ ಪಟ್ಟಿಯಿರಲಿಲ್ಲ. ಗುರು ಎಲ್ಲಿರುವರೋ ಅಲ್ಲಿ ಶಾಲೆ. ಅಂಧರೂ ಅನಾಥರೂ ಆದ ಹುಡುಗರನ್ನು ಕಟ್ಟಿಕೊಂಡು, ವಾದ್ಯಗಳನ್ನು ಹೊತ್ತುಕೊಂಡು ಊರಿಂದ ಊರಿಗೆ ಸಾಗುವುದು. ಯಾವುದಾದರೂ ಮಠದಲ್ಲಿ, ಗುಡಿಯ ಹಜಾರದಲ್ಲಿ, ಭಕ್ತರ ಮನೆಯ ಪಡಸಾಲೆಯಲ್ಲಿ ತಂಗುವುದು. ಬೆಳಗಿನ ಜಾವ ಪಾಠ, ಸಂಜೆ ಕೀರ್ತನ ಅಥವಾ ಗಾಯನ. ಊರವರು ಕೊಟ್ಟ ಜೋಳ, ಬೇಳೆ, ಬೆಲ್ಲದಿಂದ ಊಟ. ಸುಗ್ಗಿಯಲ್ಲಿ ಕಣಕ್ಕೆ ಹೋದವರನ್ನು ಬರಿಗೈಯಿಂದ ಕಳಿಸದ ಪದ್ಧತಿ ನಮ್ಮ ರೈತರಲ್ಲಿ ಇದ್ದುದರಿಂದಲೇ ಇಂಥ ಸಂಚಾರಿ ಪಾಠಶಾಲೆ ಉಳಿಯುವುದು ಸಾಧ್ಯವಾಯಿತು. ಮಳೆ ಕೈಕೊಟ್ಟ ವರ್ಷ ರೈತನ ಕಣ ಬರಿದು, ಅವನ ಹಿಂದೆ ಪಾಠಶಾಲೆಯ ಒಲೆಯೂ ತಣ್ಣಗೆ.

ಇದೂ ಭಿಕ್ಷೆಯೇ ಅಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಜೋಳಿಗೆ ಇಲ್ಲವಾಗಲಿಲ್ಲ, ಅದರ ಸ್ಥಾನ ಮಾತ್ರ ಬದಲಾಯಿತು. ಮಕ್ಕಳ ಕೈಯಲ್ಲಿದ್ದ ಜೋಳಿಗೆಯನ್ನು ಇಳಿಸಿ ಗುರು ತನ್ನ ಹೆಗಲಿಗೆ ಹಾಕಿಕೊಂಡನು. ಮಕ್ಕಳ ಕೈಗೆ ತಂಬೂರಿ ಬಂದಿತು. ಹಾಡಿ ಬೇಡುವ ಹುಡುಗನು ತನಗೆ ಬರುವ ನಾಲ್ಕು ಪದಗಳನ್ನೇ ಜೀವಮಾನವಿಡೀ ಹಾಡುತ್ತಾನೆ, ಏಕೆಂದರೆ ಅಷ್ಟಕ್ಕೇ ಕಾಸು ಬೀಳುತ್ತದೆ. ಪಾಠಕ್ಕೆ ಕುಳಿತ ಹುಡುಗನು ಒಂದೇ ರಾಗವನ್ನು ತಿಂಗಳುಗಟ್ಟಲೆ ತಿದ್ದಿಕೊಳ್ಳಬೇಕು, ಆ ತಿಂಗಳುಗಳಲ್ಲಿ ಅವನ ಹೊಟ್ಟೆಯ ಹೊಣೆಯನ್ನು ಇನ್ನೊಬ್ಬರು ಹೊರಬೇಕು. ಲೆಸ್ಯುಯರನಿಗೆ ಆವೀ ಕೊಟ್ಟ ದಿನಗೂಲಿಯ ಅರ್ಥವೂ ಇದೇ ಅಲ್ಲವೆ?

ಅಂಧ ಶಿಷ್ಯನಿಗೆ ಸಂಗೀತವನ್ನು ಹೇಗೆ ಕಲಿಸುತ್ತಾರೆಂಬುದನ್ನು ತಿಳಿಯದವರು ಅದು ಕಿವಿಯ ಕೆಲಸ ಮಾತ್ರವೆಂದು ಭಾವಿಸುತ್ತಾರೆ. ಕಿವಿಯಷ್ಟೇ ಬೆರಳೂ ಅಲ್ಲಿ ದುಡಿಯಬೇಕು. ಹಾರ್ಮೋನಿಯಮ್ಮಿನ ಕರಿಯ ಮನೆಗಳು ಎರಡು, ಮೂರು, ಮತ್ತೆ ಎರಡು, ಮೂರು ಹೀಗೆ ಗುಂಪುಗೂಡಿ ಎತ್ತರದಲ್ಲಿರುತ್ತವೆ. ಬೆರಳು ಆ ಗುಂಪನ್ನು ಹಿಡಿದರೆ ಸ್ವರದ ಸ್ಥಾನ ತಾನಾಗಿಯೇ ತಿಳಿಯುತ್ತದೆ. ತಬಲಾದ ಅಂಚು, ನಡುವಿನ ಬಯಲು, ಕರಿಯ ಲೇಪ ಈ ಮೂರೂ ಮುಟ್ಟಿದರೆ ಬೇರೆ ಬೇರೆ. ಗುರುವು ಶಿಷ್ಯನ ಕೈಯ ಮೇಲೆ ತನ್ನ ಕೈಯನ್ನಿರಿಸಿ ಒಂದೊಂದು ಪೆಟ್ಟನ್ನೂ ಅದರ ಬೋಲಿನೊಡನೆ ಹೇಳಿಕೊಡುತ್ತಾನೆ. ಪಿಟೀಲಿನಲ್ಲಿ ಇಂಥ ಮೆಟ್ಟಿಲುಗಳಿಲ್ಲ, ಅಲ್ಲಿ ಕಿವಿಯೇ ಬೆರಳಿಗೆ ದಾರಿ ತೋರಿಸಬೇಕು. ಬಂದಿಶ್, ಕೃತಿ, ವಚನಗಳೆಲ್ಲ ಬಾಯಿಪಾಠ. ನಮ್ಮ ದೇಶದ ಸಂಗೀತವು ಮೊದಲಿನಿಂದಲೂ ಹಾಳೆಯನ್ನು ನೋಡಿ ಹಾಡುವುದಲ್ಲ. ಯೂರೋಪಿನ ಅಂಧ ವಾದಕನು ಸ್ವರಲಿಪಿಯಿಲ್ಲದೆ ತೊಳಲುತ್ತಿದ್ದಾಗ ಇಲ್ಲಿಯ ಅಂಧ ಶಿಷ್ಯನು ಕಣ್ಣಿದ್ದ ಶಿಷ್ಯನ ಸಾಲಿನಲ್ಲಿಯೇ, ಅದೇ ಪಾಠವನ್ನು, ಅದೇ ರೀತಿಯಲ್ಲಿ ಕಲಿಯಬಹುದಾಗಿತ್ತು. ಕುಮಾರಸ್ವಾಮಿಗಳು ಅಂಧ ಬಾಲಕರಿಗೆ ಸಂಗೀತವನ್ನೇ ಆರಿಸಿದ್ದರಲ್ಲಿ ಈ ಲೌಕಿಕ ಜಾಣತನವೂ ಇದ್ದಿತೆಂದು ತೋರುತ್ತದೆ.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನ ಹಿಂದಿನ ಆಧಾರ ಕಳಚಿದ ಮೇಲೂ ಗವಾಯಿಗಳು ಮಕ್ಕಳನ್ನು ಚದುರಗೊಡಲಿಲ್ಲ. ಗುರುವಿನ ಹೆಸರಿನಲ್ಲಿ ನಾಟಕ ಸಂಘವೊಂದು ಹುಟ್ಟಿಕೊಂಡಿತು. ಅಂದಿನ ಉತ್ತರ ಕರ್ನಾಟಕದಲ್ಲಿ ಕಂಪನಿ ನಾಟಕಕ್ಕೆ ಇದ್ದ ಮೋಹ ಎಲ್ಲರಿಗೂ ಗೊತ್ತಿದ್ದದ್ದೇ. ಅದರ ಟಿಕೆಟ್ಟಿನ ಹಣ ಮಕ್ಕಳ ಅನ್ನಕ್ಕೆ. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಅಲೆದಾಡುವ ಶಾಲೆಗೆ ಒಂದು ನೆಲೆ ದೊರೆಯಿತು. ಗವಾಯಿಗಳು ಆ ನೆಲೆಯಲ್ಲಿ ಹೆಚ್ಚು ಕಾಲ ಇರಲಿಲ್ಲ. 1944ರ ಜೂನ್ 11ರಂದು ತೀರಿಕೊಂಡರು. ಆಗ ಅವರಿಗೆ ಐವತ್ತೆರಡು ವರ್ಷ.

ಅವರ ಶಿಷ್ಯವರ್ಗದ ಬಗೆಗೆ ಒಂದು ಮಾತು ಹೇಳಲೇಬೇಕು. ಕುಂದಗೋಳ ತಾಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರುಗಳು ಹದಿಮೂರರ ವಯಸ್ಸಿನಲ್ಲಿ ಈ ಗುರುವಿನ ಬಳಿಗೆ ಬಂದರು. ಅವರಿಗೆ ಕಣ್ಣು ಚೆನ್ನಾಗಿತ್ತು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ನಡೆದಾಗ ರಾಜಗುರುಗಳು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದರು. ಅವರ ಪಕ್ಕದಲ್ಲಿ ತಬಲಾ ಹಿಡಿದು ಕುಳಿತವರು ಪಂಚಾಕ್ಷರ ಗವಾಯಿಗಳು. ಗುರುವು ಶಿಷ್ಯನಿಗೆ ಸಾಥ್ ನೀಡುವುದು ಸಂಗೀತಲೋಕದಲ್ಲಿ ಸಾಮಾನ್ಯ ಸಂಗತಿಯಲ್ಲ. ಕಣ್ಣಿಲ್ಲದವರು ಕಣ್ಣಿದ್ದವನನ್ನು ಕೈಹಿಡಿದು ಸಭೆಗೆ ಕರೆತಂದ ಆ ದೃಶ್ಯವನ್ನು ಪ್ಯಾರಿಸಿನ ಜಾತ್ರೆಯ ರಟ್ಟಿನ ಕನ್ನಡಕಗಳ ದೃಶ್ಯದ ಪಕ್ಕದಲ್ಲಿಟ್ಟು ನೋಡಬೇಕು. ರಾಜಗುರುಗಳಿಗೆ 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ಸಂದವು. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರೂ ಗವಾಯಿಗಳ ಗರಡಿಯಲ್ಲಿಯೇ ಪಳಗಿದವರು.

ಗುರುವಿನ ತರುವಾಯ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. ಅವರು ಹುಟ್ಟಿದ್ದು 1914ರ ಮಾರ್ಚ್ 3ರಂದು, ಹಾವೇರಿಯ ಸಮೀಪದ ದೇವಗಿರಿಯಲ್ಲಿ. ಪಾಠಶಾಲೆಯ ವಯಸ್ಸೂ ಅವರ ವಯಸ್ಸೂ ಒಂದೇ. ಹಾಲುಗೂಸಾಗಿದ್ದಾಗಲೇ ದೃಷ್ಟಿ ಹೋಯಿತು. ಸೋದರಮಾವ ಚಂದ್ರಶೇಖರಯ್ಯನವರ ಆಸರೆಯಲ್ಲಿ ಬೆಳೆದ ಹುಡುಗ ಪಂಚಾಕ್ಷರ ಗವಾಯಿಗಳ ಮಡಿಲು ಸೇರಿದನು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಹೀಗೆ ಹಲವು ವಾದ್ಯಗಳಲ್ಲಿ ಅವರ ಕೈ ಆಡುತ್ತಿತ್ತು. ಅಷ್ಟಕ್ಕೇ ನಿಲ್ಲದೆ ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಕಾವ್ಯ, ಪುರಾಣ, ನಾಟಕಗಳನ್ನು ರಚಿಸಿದರು. 1944ರಿಂದ 2010ರ ವರೆಗೆ, ಅರುವತ್ತಾರು ವರ್ಷಗಳ ದೀರ್ಘಕಾಲ, ಒಬ್ಬ ಅಂಧನೇ ಅಂಧರ ಶಾಲೆಯನ್ನು ನಡೆಸಿದ ಉದಾಹರಣೆ ಬೇರೆಡೆಯಲ್ಲಿಯೂ ವಿರಳವೇ.

ನಮ್ಮ ಕಡೆಯ ಹಳ್ಳಿಗಳಲ್ಲಿ ಪುಟ್ಟಜ್ಜನವರ ತುಲಾಭಾರವನ್ನು ಕಂಡವರು ಇನ್ನೂ ಬಹಳ ಮಂದಿ ಇದ್ದಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅಜ್ಜನವರು, ಇನ್ನೊಂದರಲ್ಲಿ ಊರವರು ಕೂಡಿಸಿದ ನಾಣ್ಯಗಳು. ತೂಗಿದ ನಾಣ್ಯಗಳು ಪುಣ್ಯಾಶ್ರಮಕ್ಕೆ, ಅಂದರೆ ಮಕ್ಕಳ ಅಡಿಗೆಮನೆಗೆ ಹೋಗುತ್ತಿದ್ದವು. ಅದು ವ್ಯಕ್ತಿಪೂಜೆಯೆಂದು ಮೂಗು ಮುರಿದವರೂ ಇದ್ದರು. ನಾನೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದೆ. ಲೆಕ್ಕ ಹಾಕಿ ನೋಡಿದರೆ ಬೇರೆ ಅರ್ಥ ತೋರುತ್ತದೆ. ಒಬ್ಬ ಧನಿಕನ ದೊಡ್ಡ ದೇಣಿಗೆಯನ್ನು ನಂಬಿದ ಸಂಸ್ಥೆ ಆ ಧನಿಕನೊಡನೆ ಮುಗಿಯುತ್ತದೆ. ಕೂಲಿಯ ಹೆಣ್ಣುಮಗಳು ಸೆರಗಿನಿಂದ ಬಿಚ್ಚಿ ಹಾಕಿದ ಒಂದು ರೂಪಾಯಿಯೂ ತೂಕಕ್ಕೆ ಬರುವ ವ್ಯವಸ್ಥೆಗೆ ಹಾಗೆ ಕೊನೆಯಿಲ್ಲ. ನಮ್ಮ ಶುಭಸಂದೇಶದ ಬಡ ವಿಧವೆಯ ಎರಡು ಕಾಸುಗಳು ಇಲ್ಲಿ ನೆನಪಾಗುತ್ತವೆ. ಜಾತಿ ಮತಗಳನ್ನು ಕೇಳದೆ ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಉಚಿತವಾಗಿ ಕೊಡುವ ಪದ್ಧತಿ ಇಂಥ ಕಾಸುಗಳ ಮೇಲೆಯೇ ನಡೆಯಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳದಿದ್ದರೆ ಈ ಲೇಖನ ಬರಿಯ ಸ್ತುತಿಯಾದೀತು. ಕಣ್ಣಿಲ್ಲದವನಿಗೆ ಸಂಗೀತ ತಾನಾಗಿಯೇ ಒಲಿಯುತ್ತದೆಂಬ ಒಂದು ಮಾತು ನಮ್ಮಲ್ಲಿ ಬೇರೂರಿದೆ. ಅದು ನಿಜವಲ್ಲ. ಕಣ್ಣಿದ್ದವರಲ್ಲಿ ಹೇಗೋ ಹಾಗೆಯೇ ಇಲ್ಲದವರಲ್ಲಿಯೂ ಎಲ್ಲರಿಗೂ ಶ್ರುತಿಜ್ಞಾನ ಇರುವುದಿಲ್ಲ. ಉಳಿದದ್ದು ಕಠಿಣ ಅಭ್ಯಾಸದ ಫಲ. ಹಾಡಲಾರದ ಅಂಧ ಬಾಲಕನು, ಲೆಕ್ಕದಲ್ಲಿಯೋ ಕಾನೂನಿನಲ್ಲಿಯೋ ಬುದ್ಧಿಯುಳ್ಳವನು ಎಲ್ಲಿಗೆ ಹೋಗಬೇಕಾಗಿತ್ತು? ಅಂಥವನಿಗೆ ಅಕ್ಷರವೇ ಬೇಕು. ಬ್ರೈಲ್ ಲಿಪಿ ಭಾರತಕ್ಕೆ ಬಂದ ಮೇಲೂ ಐವತ್ತು ಅರುವತ್ತು ವರ್ಷ ಒಂದೊಂದು ಶಾಲೆಗೆ ಒಂದೊಂದು ಪದ್ಧತಿಯಾಗಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರದ ಸ್ಥಿತಿಯಿತ್ತು. 1951ರಲ್ಲಿ ಯುನೆಸ್ಕೊ ಸಂಸ್ಥೆಯ ನೆರವಿನಿಂದ, ಸ್ವತಃ ಅಂಧರಾಗಿದ್ದ ನ್ಯೂಜಿಲಂಡಿನ ಕ್ಲೂಥಾ ಮೆಕೆಂಜಿ ಅವರ ಪ್ರಯತ್ನವೂ ಸೇರಿ, ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ರೂಪುಗೊಂಡಿತು. ಕನ್ನಡದ ‘ಕ’ಕಾರಕ್ಕೂ ಹಿಂದಿಯ ‘ಕ’ಕಾರಕ್ಕೂ ಅದರಲ್ಲಿ ಒಂದೇ ಗುರುತು. ನಮ್ಮ ಕೊಂಬು, ಗುಡಿಸು, ಒತ್ತಕ್ಷರಗಳು ಮೇಲೆ ಕೆಳಗೆ ಹರಡದೆ ಒಂದರ ಮುಂದೊಂದು ಸಾಲಾಗಿ ನಿಲ್ಲುತ್ತವೆ. ಎಡದಿಂದ ಬಲಕ್ಕೆ ಓದಬೇಕು, ಆದರೆ ಮೊನೆಯಿಂದ ಒತ್ತಿ ಬರೆಯುವಾಗ ಬಲದಿಂದ ಎಡಕ್ಕೆ, ಹಾಳೆಯ ಬೆನ್ನ ಮೇಲೆ. ಹಾ‌ಳೆಯನ್ನು ಮಗುಚಿದಾಗಲೇ ಅಕ್ಷರ ಉಬ್ಬಿ ಕಾಣುವುದು, ಅಲ್ಲ, ಬೆರಳಿಗೆ ಸಿಗುವುದು. ಸಂಗೀತಕ್ಕೂ ಬ್ರೈಲ್ ಸ್ವರಲಿಪಿಯುಂಟು. ಅದನ್ನು ಹೂಡಿದವನೂ ಆ ಆರ್ಗನ್ ವಾದಕನೇ.

ಆದ್ದರಿಂದ ಪ್ಯಾರಿಸಿನ ದಾರಿ ಬೆರಳಿನದು, ಗದಗಿನ ದಾರಿ ಕಂಠದ್ದು. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು. ಇಂದು ಭಾರತದಲ್ಲಿ ದೃಷ್ಟಿದೋಷವುಳ್ಳವರೆಂದು 2011ರ ಜನಗಣತಿ ಎಣಿಸಿದವರೇ ಐವತ್ತು ಲಕ್ಷಕ್ಕೂ ಮೇಲಿದ್ದಾರೆ. ಅವರೆಲ್ಲರಿಗೂ ಒಂದೇ ದಾರಿ ಸಾಲುವುದಿಲ್ಲ.

1995ರಲ್ಲಿ ಪಂಚಾಕ್ಷರ ಗವಾಯಿಗಳ ಜೀವನವನ್ನು ಕುರಿತ ಕನ್ನಡ ಚಲನಚಿತ್ರ ತೆರೆಕಂಡಿತು. ಹಂಸಲೇಖರ ಸಂಗೀತ ನಿರ್ದೇಶನಕ್ಕೂ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಗಾಯನಕ್ಕೂ ಅದರಿಂದ ರಾಷ್ಟ್ರಪ್ರಶಸ್ತಿಗಳು ಬಂದವು. ಹಳ್ಳಿಗಳ ಟೂರಿಂಗ್ ಟಾಕೀಸುಗಳವರೆಗೂ ಕಾಡಶೆಟ್ಟಿಹಳ್ಳಿಯ ಹುಡುಗನ ಹೆಸರು ಮುಟ್ಟಿತು. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡರು. ಗದಗಿಗೆ ಹರಿದು ಬಂದ ಜನಸಾಗರದಲ್ಲಿ ಎಲ್ಲ ಮತದವರೂ ಇದ್ದರು. ಅವರ ಬಳಿಕ ಕಲ್ಲಯ್ಯಜ್ಜನವರು ಪುಣ್ಯಾಶ್ರಮದ ಹೊಣೆಯನ್ನು ವಹಿಸಿಕೊಂಡರು.

ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಿಂದ 1968ರಲ್ಲಿ ಒಬ್ಬ ಹುಡುಗನನ್ನು ಬಂಧುಗಳು ಈ ಆಶ್ರಮಕ್ಕೆ ತಂದು ಬಿಟ್ಟಿದ್ದರು. ಅವನಿಗೂ ಕಣ್ಣಿತ್ತು, ಮನೆಯಲ್ಲಿ ಬಡತನವೂ ಇತ್ತು. ಹತ್ತು ವರ್ಷಕ್ಕೂ ಮಿಕ್ಕಿ ಪುಟ್ಟಜ್ಜನವರ ಬಳಿ ಇದ್ದು, ಅಂಧ ಸಹಪಾಠಿಗಳೊಡನೆ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ತಂಬೂರಿಯ ಶ್ರುತಿಗೆ ಕಂಠ ಕೂಡಿಸಿ ಕಲಿತನು. ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿ, 2016ರಲ್ಲಿ ಪದ್ಮಶ್ರೀ ಪಡೆದ ಪಂಡಿತ ಎಂ. ವೆಂಕಟೇಶಕುಮಾರರೇ ಆ ಹುಡುಗ.